ಮಿರಜಕ್ಕೆಂದು ಹೊರಟು ಧಾರವಾಡ ಮುಟ್ಟಿದ್ದು

ಈ ಬರಹದಲ್ಲಿ ನನ್ನ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಒಂದು ಊರು ಎಂದಿಟ್ಟುಕೊಳ್ಳಿ. ಹೈಕೋರ್ಟಿನ ಕಾಗದದಲ್ಲಿ ನನ್ನನ್ನು ಎಕ್ಸ್ ಎಂದು ಬರೆದಿದ್ದರು. ಗಣಿತದ ಮಾಸ್ತರರು ಎಕ್ಸ್ ಎಂದರೆ ಕಂಡುಹಿಡಿಯಬೇಕಾದದ್ದು ಎಂದು ಕಲಿಸಿದ್ದರು. ಕೋರ್ಟಿನವರ ಎಕ್ಸ್ ಯಾರೂ ಕಂಡುಹಿಡಿಯಬಾರದವಳು. ನನಗೆ ಎರಡನೆಯದೇ ಅನುಕೂಲ.

ನನ್ನನ್ನು ಆ ಕಾಗದದ ತನಕ ತಂದವನು ನಮ್ಮ ಮನೆಗೆ ಬಂದು ಹೋಗುತ್ತಿದ್ದ ಪರಿಚಯದವನು, ಅಪ್ಪನ ವಯಸ್ಸಿನವನು, ಈಗ ಜೈಲಿನಲ್ಲಿದ್ದಾನೆ. ಅವನಿಗೆ ಇಷ್ಟು ಜಾಗ ಸಾಕು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುವವರು ಈ ಪುಟ ಮಡಚಿಟ್ಟು ಬೇರೆ ಏನಾದರೂ ಓದಬಹುದು. ನನಗೆ ಆಗ ಹದಿನಾರು, ಪಿಯುಸಿ ಮೊದಲನೇ ವರ್ಷ. ಇದನ್ನು ಬರೆಯುತ್ತಿರುವುದು ಯಾವುದೋ ದವಾಖಾನೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿರುವ ಹುಡುಗಿಗಾಗಿ. ಅವಳಿಗಿಂತ ಹೆಚ್ಚಾಗಿ, ಪಕ್ಕದಲ್ಲಿ ಏನು ಮಾಡುವುದೆಂದು ತಿಳಿಯದೆ ಕುಳಿತಿರುವ ಅವಳ ತಾಯಿಗಾಗಿ.

ನಾವು ಜೈನರು. ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಬಂದರೆ ನಮ್ಮ ಮನೆಯಲ್ಲಿ ಉಪವಾಸದ ಪೈಪೋಟಿಯೇ ನಡೆಯುತ್ತದೆ. ಆಯಿ, ಎಂದರೆ ಅಪ್ಪನ ತಾಯಿ, ಪರ್ವವಿಡೀ ಬರೀ ಕಾಸಿದ ನೀರಿನ ಮೇಲಿರುತ್ತಾಳೆ. ಉಳಿದ ದಿನಗಳಲ್ಲೂ ಅವಳು ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ, ಉಳ್ಳಾಗಡ್ಡಿ ಬಟಾಟೆ ಮುಟ್ಟುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ. ಆ ವರ್ಷ ನಾನೂ ದಿನಕ್ಕೊಂದೇ ಊಟದ ಏಕಾಶನ ಹಿಡಿದೆ. ಭಕ್ತಿಯಿಂದಲ್ಲ. ಬೇಳೆ ಕುದಿಯುವ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಏಕಾಶನ ಎಂದುಬಿಟ್ಟರೆ ಯಾಕೆ ಉಣ್ಣುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ.

ಬಸದಿಯಲ್ಲಿ ನೆರೆಮನೆಯವರೆಲ್ಲ ಅವ್ವನಿಗೆ, "ಎಷ್ಟ್ ಸಣ್ಣ ವಯಸ್ಸಿನ್ಯಾಗ ಎಷ್ಟ್ ಧರ್ಮ ಐತ್ರಿ ನಿಮ್ಮ ಹುಡುಗಿಗೆ" ಎಂದು ಹೇಳಿದ್ದೇ ಹೇಳಿದ್ದು. ಪರ್ವ ಮುಗಿದ ದಿನ ಉಪವಾಸ ಮಾಡಿದವರಿಗೆಲ್ಲ ಸನ್ಮಾನವಾಯಿತು. ನನಗೂ ಒಂದು ಹಾರ, ಒಂದು ತೆಂಗಿನಕಾಯಿ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮೂರು ತಿಂಗಳ ಬಸುರಿ ಹುಡುಗಿಯನ್ನು ವೇದಿಕೆಗೆ ಕರೆದು, ಊಟ ಬಿಟ್ಟಿದ್ದಕ್ಕೆ ಚಪ್ಪಾಳೆ ತಟ್ಟಿದ ಊರು ನಮ್ಮದು. ಫೋಟೋ ಕೂಡ ಇದೆ. ಅದರಲ್ಲಿ ನಾನು ವಾಂತಿ ತಡೆದುಕೊಂಡು ನಗುತ್ತಿದ್ದೇನೆ.

ಪರ್ವ ಮುಗಿದರೂ ವಾಂತಿ ಮುಗಿಯಲಿಲ್ಲ. ಊರಿನ ಡಾಕ್ಟರು ಪಿತ್ತ ಎಂದು ಗುಳಿಗೆ ಕೊಟ್ಟರು. ನಾನು ತಿಂಗಳುಗಟ್ಟಲೆ ಮುಟ್ಟಾಗಿಲ್ಲ ಎಂಬುದು ಅವ್ವನ ಲಕ್ಷ್ಯಕ್ಕೆ ಬಂತು. ಅವಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಆಯಿಗೆ ಹೇಳಿದಳು. ಆಯಿ ಅದನ್ನು ಅಲ್ಲಿಗೇ ಮುಗಿಸಿಬಿಟ್ಟಳು.

"ಉಪಾಸದಾಗ ಹಂಗ ಆಗತೈತಿ. ನನಗೂ ಆಗತಿತ್ತ. ಉಣ್ಣಾಕ ಸುರು ಮಾಡಿದ್ರ ತಾನ ಸರಿ ಹೋಗತೈತಿ."

ಆಯಿಯ ಮಾತಿನ ಮುಂದೆ ಅವ್ವ ಮಾತಾಡಿದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಹೊಟ್ಟೆ ಮಾತ್ರ ನಿಲ್ಲಲಿಲ್ಲ.

ದೀಪಾವಳಿ ಮುಗಿದ ಮೇಲೆ ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದೆ. ಆಗ ಕಾಕಾ ಮುಂದಾಳತ್ವ ವಹಿಸಿದರು. ಅಪ್ಪನ ತಮ್ಮ ಇವರು. ಮನೆಯಲ್ಲಿ ಏನೇ ಆದರೂ ಮುಂದಾಳತ್ವ ಅವರದೇ.

"ಮಿರಜಕ್ಕ ಕರಕೊಂಡ ಹೋಗೂಣು. ಇಲ್ಲೇನೈತಿ ಮಣ್ಣು?"

ನಮ್ಮ ಕಡೆಯವರಿಗೆ ಇದೊಂದು ರೋಗವೇ ಇದೆ. ಹಲ್ಲು ನೋವೇ ಬರಲಿ, ಎದೆ ನೋವೇ ಬರಲಿ, ಕಾಲು ಮಿರಜದ ದಾರಿ ಹಿಡಿಯುತ್ತದೆ. ನಮ್ಮ ಅಜ್ಜ ಸತ್ತದ್ದು ಮಿರಜದಲ್ಲಿ, ನಾನು ಹುಟ್ಟಿದ್ದು ಮಿರಜದಲ್ಲಿ. ರಾಯಬಾಗ ಸ್ಟೇಷನ್ನಿನಲ್ಲಿ ಅದೇ ಹಳಿ ಆ ಕಡೆ ಮಿರಜಕ್ಕೆ ಹೋಗುತ್ತದೆ, ಈ ಕಡೆ ಬೆಳಗಾವಿ, ಧಾರವಾಡಕ್ಕೆ. ದವಾಖಾನೆಗೆ ಹೊರಟ ನಮ್ಮ ಊರಿನವರು ಈ ಕಡೆಯ ಗಾಡಿ ಹತ್ತಿದ್ದನ್ನು ನಾನು ಕಂಡಿಲ್ಲ. ನಡುವೆ ಒಂದು ರಾಜ್ಯದ ಗಡಿ ಇದೆ ಎಂಬುದು ನಮಗೆ ನೆನಪೇ ಇರುವುದಿಲ್ಲ.

ಮಿರಜದ ಡಾಕ್ಟರಬಾಯಿ ಸೋನೋಗ್ರಾಫಿ ಮಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ಕಾಕಾನನ್ನು ಹೊರಗೆ ಕಳಿಸಿದರು. ಅವ್ವನಿಗೆ ಮರಾಠಿಯಲ್ಲಿ ಹೇಳಿದರು. ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೂ ಆಕೆ ಕೇಳಿದ್ದು ಕನ್ನಡದಲ್ಲಿ.

"ಇದು ಯಾರ ರಿಪೋರ್ಟ್ ರೀ?"

ಡಾಕ್ಟರಬಾಯಿ ಮತ್ತೊಮ್ಮೆ ಹೇಳಿದರು. ಇಪ್ಪತ್ತೊಂದು ವಾರ. ಅವ್ವ ಪರದೆಯ ಕಡೆ ಕೈ ಮಾಡಿ, "ನಮಗಿಂತ ಮೊದಲ ಒಬ್ಬಾಕಿ ಒಳಗ ಬಂದಿದ್ಳಲ್ರಿ, ಅಕಿದ ಇರಬೇಕು, ಮಶೀನ್ ಒರಸಿ ನೋಡ್ರಿ" ಎಂದಳು. ನಾನು ಮಲಗಿದ್ದಲ್ಲಿಂದಲೇ ಅವಳ ಸೆರಗು ಹಿಡಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಮಶೀನಿನ ಮಾತು ಎತ್ತಲಿಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಗಡ್ಡೆ ಬೆಳೆದಿದೆ, ಸಾಯುತ್ತೇನೆ ಎಂಬ ಅಂಜಿಕೆಯಿತ್ತು. ಸಾಯುವುದಿಲ್ಲ ಎಂದು ಗೊತ್ತಾದರೂ ಅಂಜಿಕೆ ಕಡಿಮೆಯಾಗಲಿಲ್ಲ.

ಇಲ್ಲಿಂದ ಮುಂದಿನದು ರೋಗದ ಕಥೆಯಲ್ಲ, ಓಡಾಟದ ಕಥೆ. ಹುಡುಗಿ ಹದಿನೆಂಟರ ಒಳಗಿನವಳಾದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದರು. ಮಿರಜದ ಪೊಲೀಸರು ನಾವು ಹೇಳಿದ್ದನ್ನು ಬರೆದುಕೊಂಡು, ಘಟನೆ ಕರ್ನಾಟಕದಲ್ಲಿ ಆಗಿದೆ, ಕಾಗದ ನಿಮ್ಮ ಠಾಣೆಗೆ ಕಳಿಸುತ್ತೇವೆ ಎಂದರು. ದವಾಖಾನೆಯವರು, ಕೇಸು ಆ ಕಡೆಯದು, ಗರ್ಭ ತೆಗೆಸುವುದಿದ್ದರೆ ಅಲ್ಲೇ ತೆಗೆಸಿ, ತಡ ಮಾಡಬೇಡಿ ಎಂದರು. ಆಮೇಲೆ ನಮ್ಮನ್ನು ಕೂಡಿಸಿ, ನಿಲ್ಲಿಸಿ, ವಾಪಸು ಕಳಿಸಿದವರೆಲ್ಲ ಕೊನೆಗೆ ಇದೇ ಮಾತು ಹೇಳಿದರು: ತಡ ಮಾಡಬೇಡಿ.

ಊರಿಗೆ ಬಂದು ಕಾದೆವು. ಕಾಗದ ಬರಲಿಲ್ಲ. ಕೇಸಿಲ್ಲದೆ ಯಾವ ಡಾಕ್ಟರೂ ಮುಟ್ಟುವುದಿಲ್ಲ ಎಂಬುದು ಕಾಕಾ ಹೊರಡಿಸಿದ ಕಾನೂನು. ಅದನ್ನು ಅವರಿಗೆ ಯಾರು ಹೇಳಿದರೆಂದು ಇವತ್ತಿಗೂ ಗೊತ್ತಿಲ್ಲ. ಅಂತೂ ಕಾಗದ ಬಂತು. ಬಂದರೆ ಮರಾಠಿಯಲ್ಲಿ ಇತ್ತು. ಠಾಣೆಯವರು ಕನ್ನಡ ಅನುವಾದ ಬೇಕು ಎಂದರು. ಅದೇ ಠಾಣೆಯಲ್ಲಿ ಚಹಾ ಬಂದಾಗ ಎಲ್ಲರೂ ಹರಟೆ ಹೊಡೆಯುತ್ತಿದ್ದದ್ದು ಮರಾಠಿಯಲ್ಲಿ! ಅನುವಾದ ಬೇಕು ಎಂದವರೇ ಆ ಕಾಗದವನ್ನು ನಮ್ಮೆದುರು ಗಡಗಡನೆ ಓದಿದ್ದರು. ಬಾಯಿಗೆ ಮರಾಠಿ ನಡೆಯುತ್ತದೆ, ಕಡತಕ್ಕೆ ನಡೆಯುವುದಿಲ್ಲ. ಅನುವಾದ ಮಾಡುವವರು ರಜೆಯ ಮೇಲೆ ಹೋಗಿದ್ದರು.

ಅಷ್ಟರಲ್ಲಿ ಕಬ್ಬಿನ ಹಂಗಾಮು ಸುರುವಾಯಿತು. ನಮ್ಮ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂತು, ಅಪ್ಪ ಬೆಳಿಗ್ಗೆ ಎದ್ದರೆ ಹೊಲಕ್ಕೆ ಓಡುತ್ತಿದ್ದರು. ಟೋಳಿ ಒಂದು ನೆಪ ಎಂಬುದು ನನಗೂ ಗೊತ್ತಿತ್ತು. ಅವರಿಗೆ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. ನಾನು ಅಂಗಳಕ್ಕೆ ಬಂದರೆ ಅವರು ಎಮ್ಮೆಯ ಹಗ್ಗ ಬಿಚ್ಚಿ ಮತ್ತೆ ಅಲ್ಲೇ ಕಟ್ಟುತ್ತಿದ್ದರು.

ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ತಂದರು. ದೂರದ ಒಂದು ಆಶ್ರಮಕ್ಕೆ ಕಳಿಸಿ, ಹೆತ್ತ ಮೇಲೆ ಕರೆದುಕೊಂಡು ಬನ್ನಿ ಎಂದರು ಒಬ್ಬರು. ಯಾರಾದರೂ ಎರಡನೇ ಸಂಬಂಧದವನಿಗೆ ಕೊಟ್ಟು ಮದುವೆ ಮಾಡಿ ಎಂದರು ಇನ್ನೊಬ್ಬರು. ಕಾಕಾ ತಮ್ಮ ಗುರುತಿನ ಕಂಪೌಂಡರ್ ಒಬ್ಬ ಗುಳಿಗೆ ಕೊಡುತ್ತಾನೆ, ಮನೆಯಲ್ಲೇ ನುಂಗಿಸಿದರೆ ಮುಗಿಯಿತು ಎಂದರು. ಅಷ್ಟು ವಾರ ತುಂಬಿದ ಮೇಲೆ ಆ ಗುಳಿಗೆಯನ್ನು ನಾನು ನುಂಗಿದ್ದರೆ ಇದನ್ನು ಬರೆಯಲು ಇರುತ್ತಿರಲಿಲ್ಲ ಎಂದು ಆಮೇಲೆ ಬೆಳಗಾವಿಯ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು.

ಕಂಪೌಂಡರ್ ಮಾತು ಬಂದ ಮರುದಿನವೇ ಅವ್ವ ನನ್ನ ಕೈ ಹಿಡಿದುಕೊಂಡು ಚಿಕ್ಕೋಡಿಗೆ ಹೊರಟಳು. ಕಾಕಾಗೆ ಹೇಳಲಿಲ್ಲ. ಅಂಕಲಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸು ಅಲುಗಾಡಲಿಲ್ಲ. ಪ್ರತಿ ಟ್ರ್ಯಾಕ್ಟರಿನಲ್ಲೂ ಹಾಡು ಹಚ್ಚಿದ್ದರು. ಅವ್ವ ಕಿಟಕಿಯಿಂದ ಹೊರಗೆ ನೋಡುತ್ತ ಎಲ್ಲರಿಗೂ ಸೇರಿಸಿ ಒಂದೇ ಉಸಿರಿನಲ್ಲಿ ಬೈದಳು. ಕಬ್ಬಿಗೆ, ಕಾರ್ಖಾನೆಗೆ, ಕಾಕಾಗೆ, ಮಿರಜಕ್ಕೆ. ಅವಳ ಬಾಯಲ್ಲಿ ಅಂಥ ಬೈಗುಳ ಇವೆ ಎಂದು ನನಗೆ ಆ ದಿನವೇ ತಿಳಿದದ್ದು.

ಚಿಕ್ಕೋಡಿಯ ಡಾಕ್ಟರು ತಪಾಸಣೆ ಮಾಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಪ್ಪತ್ನಾಲ್ಕು ವಾರ ದಾಟೇತಿ ರೀ. ಮಿರಜದಿಂದ ಬಂದ ಮರುದಿನ ಸೀದಾ ಸರ್ಕಾರಿ ದವಾಖಾನಿಗೆ ಬಂದಿದ್ರ ಇಬ್ರು ಡಾಕ್ಟರ್ ಸಹಿ ಹಾಕಿ ಮುಗಸ್ತಿದ್ರು. ಪೊಲೀಸ್ ಕಾಗದಕ್ಕ ಕಾಯೂ ಜರೂರ ಇರಲಿಲ್ಲ. ಈಗ ನಮ್ಮ ಕೈಯಾಗಿಲ್ಲ, ಧಾರವಾಡ ಹೈಕೋರ್ಟ್ ಅಪ್ಪಣಿ ಬೇಕು."

ಅಷ್ಟು ವಾರ ನಾವು ಯಾವುದಕ್ಕೆ ಕಾದೆವೋ ಅದು ಬೇಕಾಗೇ ಇರಲಿಲ್ಲ. ಇದನ್ನು ಓದುತ್ತಿರುವ ತಾಯಂದಿರೇ, ಉಳಿದದ್ದು ಮರೆತರೂ ಚಿಂತೆಯಿಲ್ಲ, ಡಾಕ್ಟರು ಹೇಳಿದ ಆ ಮಾತು ಮರೆಯಬೇಡಿ. ಪೊಲೀಸರ ಕೆಲಸ ಅದರ ಪಾಡಿಗೆ ನಡೆಯಲಿ, ನೀವು ದವಾಖಾನೆಗೆ ಹೋಗಿ. ಇಪ್ಪತ್ನಾಲ್ಕು ವಾರದ ಒಳಗಿದ್ದರೆ ಕೋರ್ಟಿನ ಮೆಟ್ಟಿಲು ಹತ್ತುವುದೇ ಬೇಡ.

ಆ ಡಾಕ್ಟರೇ ನಮ್ಮನ್ನು ಅಲ್ಲಿಯ ಕೋರ್ಟಿನ ಆವರಣಕ್ಕೆ ಕಳಿಸಿದರು. ಹೆಂಗಸರಿಗೂ ಮಕ್ಕಳಿಗೂ ಪುಕ್ಕಟೆ ವಕೀಲರನ್ನು ಕೊಡುವ ಒಂದು ಕಚೇರಿ ಅಲ್ಲಿದೆ. ಅಲ್ಲಿ ಸಿಕ್ಕವರು ದಪ್ಪ ಗಾಜಿನ ಚಾಳೀಸಿನ, ಜೋರು ದನಿಯ ಒಬ್ಬ ವಕೀಲ ಮೇಡಂ. ಎಲ್ಲ ಕೇಳಿಸಿಕೊಂಡು ಅವ್ವನಿಗೆ ಹೇಳಿದರು.

"ಅರ್ಜಿ ನಿಮ್ಮ ಹೆಸರಲೆ ಹಾಕೂಣ್ರಿ. ಅಕಿ ಇನ್ನಾ ಸಣ್ಣಾಕಿ, ಅದಕ್ಕ ಪಾಲಕರು ಹಾಕಬೇಕು. ಅಕಿ ಹೆಸರು ಎಲ್ಲೂ ಬರಂಗಿಲ್ಲ."

"ಅವರಪ್ಪನ ಸಹಿ ಬೇಕಾಗತೈತೇನ್ರಿ?"

"ನೀವು ತಾಯಿ ಹೌದಿಲ್ರಿ? ನಿಮ್ಮದ ಸಾಕು."

ಆಮೇಲೆ ನನ್ನ ಕಡೆ ತಿರುಗಿದರು. "ನಿನಗ ಏನ್ ಬೇಕವಾ? ನಿಮ್ಮ ಅವ್ವ ಹೇಳಿದ್ದಲ್ಲ, ನೀ ಹೇಳಬೇಕು." ಅಷ್ಟು ದಿನಗಳಲ್ಲಿ ಎಷ್ಟೊಂದು ಜನ ನನ್ನನ್ನು ಎಷ್ಟೊಂದು ಪ್ರಶ್ನೆ ಕೇಳಿದ್ದರು, ಇದೊಂದನ್ನು ಬಿಟ್ಟು. "ಕಾಲೇಜಿಗೆ ಹೋಗಬೇಕ್ರಿ, ಅಕೌಂಟನ್ಸಿ ಟೆಸ್ಟ್ ಐತಿ" ಎಂದುಬಿಟ್ಟೆ. ಮೇಡಂ ನಗಲಿಲ್ಲ. "ಹೊಟ್ಯಾಗಿಂದ?" ಎಂದರು. "ಬ್ಯಾಡ್ರಿ" ಎಂದೆ. "ಕೋರ್ಟಿನ್ಯಾಗೂ ಇದನ್ನ ಹಿಂಗ ಹೇಳು" ಎಂದರು.

ಮನೆಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಆಯಿ ಅಂಗಳದಲ್ಲಿ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಕಾಕಾಗೆ ಆಗಲೇ ಸುದ್ದಿ ಮುಟ್ಟಿತ್ತು. ಅತ್ತಿಗೆಯಾದ ಅವ್ವನ ಮೇಲೆ ಹರಿಹಾಯ್ದು, ತಮ್ಮ ತಾಯಿಯ ಕಡೆ ತಿರುಗಿದರು.

"ಕೋರ್ಟಿಗೆ? ಮನಿ ಮಾನ ಧಾರವಾಡದಾಗ ಹರಾಜ ಹಾಕಾಕ ಹೊಂಟೀರೇನ ವೈನಿ? ಅದೂ ಇಷ್ಟ ತಿಂಗಳ ಆದಮ್ಯಾಲ! ಅವ್ವಾ, ನೀನರ ಹೇಳ. ನಾವು ಇರುವಿ ಸೈತ ತುಳಿಯಂಗಿಲ್ಲ. ಇದು ಪಾಪ ಅಲ್ಲೇನ?"

ಕಾಕಾನ ಮಾತಿಗೆ ನಾನು ಅಂಜಿರಲಿಲ್ಲ, ಆಯಿಯ ಮಾತಿಗೆ ಅಂಜಿದ್ದೆ. ಅವಳು ಬೇಡ ಎಂದರೆ ಅಪ್ಪ ಬೇಡ ಎನ್ನುತ್ತಾರೆ, ಅವ್ವ ಒಬ್ಬಳೇ ಆಗುತ್ತಾಳೆ. ಜಿರಳೆಯನ್ನು ಕೂಡ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುವ ಮುದುಕಿ ಹೌದು ಎನ್ನುತ್ತಾಳೆ ಎಂಬ ಆಸೆ ನನಗಿರಲಿಲ್ಲ. ಆಯಿ ಕೊಡದ ಬಾಯಿಯ ಬಟ್ಟೆ ಬಿಚ್ಚಿ, ಎಂದಿನಂತೆ ಅದನ್ನು ತಿರುವಿ ನೀರಲ್ಲಿ ಜಾಲಿಸಿದಳು.

"ನೀರ ಯಾಕ ಸೋಸ್ತೀವಪಾ? ಕಣ್ಣಿಗೆ ಕಾಣದ್ದ ಜೀವ ಉಳೀಲಿ ಅಂತ. ಇಲ್ಲಿ ಒಂದ ಜೀವ ಕಣ್ಣಮುಂದ ಕರಗಾಕತ್ತೇತಿ. ಅದು ಯಾರಿಗೂ ಕಾಣವಲ್ದು. ಪಾಪ ಎಷ್ಟ ಆಗತೈತಿ ಅದನ್ನ ನಾ ನೋಡ್ಕೋತೀನಿ. ನೀ ಸುಮ್ಮ ಕುಂದ್ರು." ಆಮೇಲೆ ಅವ್ವನಿಗೆ, "ನಾನೂ ಬರ್ತೀನಿ ಧಾರವಾಡಕ್ಕ" ಎಂದಳು.

ಹೀಗೆ ಮೊದಲ ಸಲ ನಾವು ರಾಯಬಾಗ ಸ್ಟೇಷನ್ನಿನಲ್ಲಿ ಈ ಕಡೆಯ ಗಾಡಿಗೆ ಕಾದೆವು. ಅವ್ವ, ನಾನು, ಕಾಸಿದ ನೀರಿನ ತಂಬಿಗೆ ಹಿಡಿದ ಆಯಿ. ಆಯಿ ಅಭ್ಯಾಸಬಲದಿಂದ ಮಿರಜದ ಕಡೆಗೆ ಮುಖ ಮಾಡಿ ನಿಂತಿದ್ದಳು. ಅವ್ವ ಭುಜ ಹಿಡಿದು ತಿರುಗಿಸಿದಳು.

ಕೋರ್ಟು ಎಂದರೆ ಕಟಕಟೆ, ಕೂಗಾಟ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ವಕೀಲ ಮೇಡಂ ಅರ್ಜಿ ಹಾಕಿದರು, ಜರೂರಿ ಎಂದು ಬೇಗ ತೆಗೆದುಕೊಂಡರು. ಬೆಳಗಾವಿಯಲ್ಲಿ ಡಾಕ್ಟರುಗಳ ಮಂಡಳಿಯೊಂದು ನನ್ನನ್ನು ಪರೀಕ್ಷೆ ಮಾಡಿ ವರದಿ ಕೊಡಬೇಕು ಎಂದು ಆಜ್ಞೆಯಾಯಿತು. ನ್ಯಾಯಾಧೀಶರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ತೆಂಕಣದ ಮೆತ್ತನೆಯ ಕನ್ನಡದಲ್ಲಿ, "ನಿಮ್ಮ ಮೇಲೆ ಯಾರದಾದರೂ ಒತ್ತಾಯ ಇದೆಯೇನಮ್ಮ?" ಎಂದು ಕೇಳಿದರು. "ಇಲ್ರಿ. ನನಗ ಬ್ಯಾಡ್ರಿ. ನಾ ಓದಬೇಕ್ರಿ" ಎಂದೆ, ವಕೀಲ ಮೇಡಂ ಹೇಳಿಕೊಟ್ಟಂತೆ, ಆದರೆ ಅದು ಹೇಳಿಕೊಟ್ಟ ಮಾತಾಗಿರಲಿಲ್ಲ.

ಬೆಳಗಾವಿಯಲ್ಲಿ ಮಂಡಳಿಯ ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು ಬಂದರು, ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಿದರು. ಕೊನೆಯ ಮುಟ್ಟು ಯಾವಾಗ, ಕೊನೆಯ ಮುಟ್ಟು ಯಾವಾಗ. ಅದನ್ನು ಒಂದು ಹಲಗೆಯ ಮೇಲೆ ಬರೆದು ಕೊರಳಿಗೆ ಹಾಕಿಕೊಳ್ಳಲೇ ಎನಿಸಿತ್ತು. ಮನೋರೋಗದ ಡಾಕ್ಟರೊಬ್ಬರು ಮಾತ್ರ ಯಾವ ವಿಷಯ ಇಷ್ಟ ಎಂದು ಕೇಳಿದರು. ಒಳಗಿನ ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಯಿ ಹೊರಗೆ ಬೆಂಚಿನ ಮೇಲೆ ಬುತ್ತಿ ಬಿಚ್ಚದೆ ಕುಳಿತಿದ್ದಳು. ನಾನು ಬಂದ ಮೇಲೆ ಉಣ್ಣೋಣ ಎಂದು ಕಾದು, ಆ ದಿನ ಅವಳಿಗೆ ಊಟವೇ ತಪ್ಪಿತು.

ವರದಿ ಕೋರ್ಟಿಗೆ ಮುಟ್ಟಿದ ಮರುದಿನವೇ ಮೇಡಂ ಫೋನ್ ಬಂತು. "ಆತ್ರಿ, ಅಪ್ಪಣಿ ಸಿಕ್ಕತು. ಅಕಿನ್ನ ಈಗಿಂದೀಗ ಭರ್ತಿ ಮಾಡ್ರಿ." ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಸಿಟ್ಟು ಬಂತು.

"ಕೋರ್ಟಿನವ್ರು ಇಷ್ಟ ಲಗೂನ ಮಾಡಿದ್ರು! ಹಂಗಾದ್ರ ಇಷ್ಟ ದಿವಸ ನಾವು ಏನ್ ಮಾಡಾಕತ್ತಿದ್ವಿ?"

ಹಾಗೆನ್ನುತ್ತಲೇ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

ಬೆಳಗಾವಿಯ ದವಾಖಾನೆಯ ಆ ಎರಡು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತುಂಬ ನೋವಾಯಿತು, ಮುಗಿಯಿತು. ಪೊಲೀಸ್ ಕೇಸಿಗೆ ಪುರಾವೆಯಾಗಿ ಬೇಕಾದ ಸ್ಯಾಂಪಲನ್ನು ಡಾಕ್ಟರು ತೆಗೆದಿಟ್ಟುಕೊಂಡರು. ಹಾಸಿಗೆ ಕೊಟ್ಟದ್ದು ಬಾಣಂತಿಯರ ವಾರ್ಡಿನಲ್ಲಿ. ಆಚೆ ಹಾಸಿಗೆಯಲ್ಲಿ ಕೂಸು ಅತ್ತಾಗ ಒಬ್ಬ ಸಿಸ್ಟರ್, ಯಾರೂ ಹೇಳದೆಯೇ ಬಂದು ನನ್ನ ಸುತ್ತ ಪರದೆ ಎಳೆದು ಹೋದರು. ನಾನು ಅತ್ತೆ. ದುಃಖವೂ ಇತ್ತು, ಹಗುರವೂ ಆಗಿತ್ತು. ಎರಡೂ ಒಟ್ಟಿಗೆ ಬಂದರೆ ತಪ್ಪೇನಿಲ್ಲ ಎಂದು ಯಾರಾದರೂ ಆಗ ಹೇಳಿದ್ದರೆ ಚೆನ್ನಾಗಿತ್ತು, ಅದಕ್ಕೆ ಈಗ ನಾನು ಹೇಳುತ್ತಿದ್ದೇನೆ.

ಊಟಕ್ಕೆ ಚಪಾತಿ, ಬಟಾಟೆ ಪಲ್ಯ ಬಂತು. ನಿತ್ರಾಣದಿಂದ ನನಗೆ ಕೈ ಎತ್ತಲು ಆಗಲಿಲ್ಲ. ಅವ್ವ ಗುಳಿಗೆ ತರಲು ಕೆಳಗೆ ಹೋಗಿದ್ದಳು. ಆಯಿ ತಟ್ಟೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ತನ್ನ ಜನ್ಮದಲ್ಲಿ ಬಟಾಟೆ ಮುಟ್ಟದ ಕೈಯಿಂದ ಅದನ್ನು ಹಿಸುಕಿ, ಚಪಾತಿಯ ತುತ್ತು ಮಾಡಿ ನನ್ನ ಬಾಯಿಗಿಟ್ಟಳು. "ವಾಸನಿ ಏನ್ ಬಡೀತೈತವಾ ಇದರದ" ಎನ್ನುತ್ತಲೇ ತಟ್ಟೆ ಖಾಲಿ ಮಾಡಿಸಿದಳು.

ಮನೆಗೆ ಕಳಿಸುವ ದಿನ ಅಪ್ಪ ಬಂದರು. ಕೈಯಲ್ಲಿ ನನ್ನ ಅಕೌಂಟನ್ಸಿ ಪುಸ್ತಕ ಇತ್ತು, ಹೊಸದಾಗಿ ಕಂದು ಹಾಳೆಯ ಹೊದಿಕೆ ಹಾಕಿಸಿದ್ದರು. "ಟೆಸ್ಟ್ ಮುಂದ ಹಾಕ್ಯಾರಂತ" ಎಂದರು, ನನ್ನ ಮುಖ ನೋಡಿಯೇ ಹೇಳಿದರು.

ಮೈ ಮತ್ತೆ ನನ್ನದು ಎನಿಸಲು ತಿಂಗಳುಗಳು ಹಿಡಿದವು. ಈಗ ಬಿ.ಕಾಂ. ಕೊನೆಯ ವರ್ಷ, ದಿನವೂ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಬರುತ್ತೇನೆ. ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಗೆ ಬೈಯುವ ಕೆಲಸ ಅವ್ವನಿಂದ ನನಗೆ ಬಂದಿದೆ.

ಮರುವರ್ಷದ ಭಾದ್ರಪದದ ಮಾತು ಹೇಳಿ ಮುಗಿಸುತ್ತೇನೆ. ಪರ್ವದ ಮೊದಲ ದಿನ ಕಾಕಿ, ಎಂದರೆ ಕಾಕಾನ ಹೆಂಡತಿ, ಎಲ್ಲರೆದುರು ಹೇಳಿದಳು: "ಈ ಸಲ ಹತ್ತೂ ದಿವಸ ಅಕಿ ಉಪಾಸ ಮಾಡ್ಲಿ. ಅಷ್ಟರ ಪ್ರಾಯಶ್ಚಿತ್ತ ಆಗಬೇಕಲ್ಲ." ಅವ್ವ ಬಾಯಿ ತೆರೆಯುವಷ್ಟರಲ್ಲಿ ಆಯಿ ಎದ್ದಳು. ಅವಳ ಉಪವಾಸ ಆಗಲೇ ಸುರುವಾಗಿತ್ತು. ಒಲೆ ಹಚ್ಚಿ, ತಾನೇ ರೊಟ್ಟಿ ಬಡಿದು, ಬಿಸಿ ಬೇಳೆಯ ಮೇಲೆ ತುಪ್ಪ ಹಾಕಿ ತಾಟು ತಂದು ನನ್ನ ಮುಂದಿಟ್ಟಳು.

"ಉಪಾಸದಾಗ ಹಂಗ ಆಗತೈತಿ ಅಂದಾಕಿ ನಾನು. ಪ್ರಾಯಶ್ಚಿತ್ತ ನಂದು, ನಾ ಮಾಡಾಕತ್ತೀನಿ. ನೀ ಉಣ್ಣ."

ನಾನು ಉಂಡೆ. ಆಯಿ ಎದುರಿಗೆ ಕುಳಿತು ಒಂದೊಂದು ತುತ್ತನ್ನೂ ನೋಡಿದಳು. ಬೇಳೆಯ ವಾಸನೆಗೆ ಹೊಟ್ಟೆ ತೊಳಸಲಿಲ್ಲ.

"ಇನ್ನೊಂದ ಹಾಕ್ಲೇನ?" ಎಂದಳು.

"ಹಾಕ ಆಯಿ" ಎಂದೆ.